ಬ್ರೆಡ್‌ಬೋರ್ಡ್ ಮೇಲೆ ಮೊದಲ ಆಂಪ್ಲಿಫೈಯರ್: ಯಾವ ಸರ್ಕ್ಯೂಟ್, ಯಾವ ಅಳತೆಯ ಸಲಕರಣೆ?

ಆಂಪ್ಲಿಫೈಯರ್ ಸರ್ಕ್ಯೂಟುಗಳನ್ನು ಸ್ವಂತ ಕೈಯಿಂದ ಕಟ್ಟಿ, ಪರೀಕ್ಷಿಸಿ ಕಲಿಯಬೇಕೆಂದು ಹೊರಡುವವರಿಗೆ ಆರಂಭದಲ್ಲೇ ಎರಡು ಗೊಂದಲಗಳು ಎದುರಾಗುತ್ತವೆ. ಪಠ್ಯಪುಸ್ತಕದಲ್ಲಿರುವ ಒಂಟಿ ಟ್ರಾನ್ಸಿಸ್ಟರಿನ ಕಾಮನ್ ಎಮಿಟರ್ ಸರ್ಕ್ಯೂಟಿನಿಂದ ಶುರುಮಾಡಬೇಕೇ, ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಐಸಿಯಲ್ಲಿ, ಅಂದರೆ ಚಿಪ್ಪಿನಲ್ಲಿ, ಸೇರಿಸಿ ಮಾಡಿದ ಆಪ್‌ಆಂಪ್ ಎಂಬ ಸಿದ್ಧ ಆಂಪ್ಲಿಫೈಯರ್ ಹಿಡಿಯಬೇಕೇ, ಅಥವಾ ಸ್ಪೀಕರನ್ನು ನೇರವಾಗಿ ನುಡಿಸುವ ಎಲ್‌ಎಂ386 ಐಸಿಯನ್ನು ಕೂರಿಸಿ ಮೊದಲು ಸದ್ದು ಕೇಳಿಬಿಡಬೇಕೇ ಎಂಬುದು ಒಂದು. ಮಲ್ಟಿಮೀಟರ್ ಒಂದೇ ಸಾಕೇ, ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಕೊಳ್ಳಲೇಬೇಕೇ, ಕೊಳ್ಳುವುದಾದರೆ ಎಷ್ಟು ಬೆಲೆಯದ್ದು ಎಂಬುದು ಇನ್ನೊಂದು. ಹೆಚ್ಚಿನವರು ಇವೆರಡನ್ನೂ ಬೇರೆಬೇರೆ ಪ್ರಶ್ನೆಗಳೆಂದು ತಿಳಿದು ಸರ್ಕ್ಯೂಟನ್ನು ಒಂದು ಕಡೆ, ಸಲಕರಣೆಯನ್ನು ಇನ್ನೊಂದು ಕಡೆ ಆರಿಸುತ್ತಾರೆ. ಆದರೆ ಇವು ಜೋಡಿಯಾಗಿಯೇ ನಿರ್ಧಾರವಾಗಬೇಕಾದ ಸಂಗತಿಗಳು. ನಿಮ್ಮ ಕೈಯಲ್ಲಿರುವ ಸಲಕರಣೆಗೆ ಎಷ್ಟು ಕಾಣುತ್ತದೆಯೋ ಅಷ್ಟನ್ನು ಮಾತ್ರ ಸರ್ಕ್ಯೂಟು ನಿಮಗೆ ಕಲಿಸಬಲ್ಲದು. ಆದ್ದರಿಂದ ನಿಮ್ಮಿಂದ ಅಳೆಯಲಾಗುವ ಸರ್ಕ್ಯೂಟೇ ನಿಮಗೆ ಸರಿಯಾದ ಮೊದಲ ಸರ್ಕ್ಯೂಟು.

ಯಾವುದರ ಮೇಲೆ ತೂಗಬೇಕೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿದ ವೋಲ್ಟೇಜು ಮತ್ತು ಗೇನು (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು), ಕಟ್ಟಿದ ಮೇಲೆ ಅಳೆದಾಗ ಸಿಗುವುದಕ್ಕೆ ಹತ್ತಿರವಿರುತ್ತದೆಯೇ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾನದಂಡ, ಏಕೆಂದರೆ ಆತ್ಮವಿಶ್ವಾಸ ಹುಟ್ಟುವುದು ಅಲ್ಲಿಯೇ. ಸರ್ಕ್ಯೂಟಿನ ಒಳಗಿನ ಬಿಂದುಗಳಿಗೆ ಮೀಟರಿನ ಕಡ್ಡಿ ತಲುಪುತ್ತದೆಯೇ ಅಥವಾ ಎಲ್ಲವೂ ಐಸಿಯ ಕಪ್ಪು ಪೆಟ್ಟಿಗೆಯೊಳಗೆ ಅಡಗಿದೆಯೇ ಎಂಬುದು ಎರಡನೆಯದು. ಬೆಸುಗೆಯಿಲ್ಲದೆ ತೂತುಗಳಿಗೆ ಚುಚ್ಚಿ ಸರ್ಕ್ಯೂಟು ಕಟ್ಟುವ ಬ್ರೆಡ್‌ಬೋರ್ಡಿನ ದೋಷಗಳನ್ನು ಆ ಸರ್ಕ್ಯೂಟು ಎಷ್ಟು ಸಹಿಸಿಕೊಳ್ಳುತ್ತದೆ, ತಪ್ಪಾದಾಗ ಎಲ್ಲಿ ತಪ್ಪಾಗಿದೆಯೆಂದು ಹುಡುಕುವುದು ಎಷ್ಟು ಸುಲಭ ಎಂಬುದು ಮೂರನೆಯದು. ಖರ್ಚು ನಾಲ್ಕನೆಯದು, ಬಿಡಿಭಾಗಗಳ ಖರ್ಚು ಎಲ್ಲದರಲ್ಲೂ ಅಲ್ಪವೇ, ಹಣ ಹೋಗುವುದು ಸಲಕರಣೆಗೆ.

ಬ್ರೆಡ್‌ಬೋರ್ಡಿನ ಸ್ವಭಾವವನ್ನು ತಿಳಿಯದೆ ಈ ಮಾನದಂಡಗಳಿಗೆ ಅರ್ಥವಿಲ್ಲ. 2.54 ಮಿಲಿಮೀಟರ್ ಅಂತರದ ತೂತುಗಳ ಕೆಳಗೆ ಲೋಹದ ಹಿಡಿಕೆಗಳು ಸಾಲಾಗಿ ಅಕ್ಕಪಕ್ಕ ನಿಂತಿರುವುದರಿಂದ, ಪ್ರತಿ ಎರಡು ಸಾಲುಗಳ ನಡುವೆ ನಾವು ಹಾಕದೇ ಇರುವ ಕೆಲವು ಪಿಕೋಫ್ಯಾರಡ್‌ಗಳಷ್ಟು ಕೆಪಾಸಿಟೆನ್ಸ್ ತಾನಾಗಿಯೇ ಇರುತ್ತದೆ. ಆಡಿಯೊ ಆವರ್ತನಗಳಲ್ಲಿ ಅದರಿಂದ ತೊಂದರೆಯಿಲ್ಲ, ರೇಡಿಯೊ ಆವರ್ತನಗಳಲ್ಲಿ ಅದೇ ಸರ್ಕ್ಯೂಟನ್ನು ಕೆಡಿಸುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗಿನ ಆಂಪ್ಲಿಫೈಯರುಗಳ ಬಗ್ಗೆ. ಹಿಡಿಕೆಗಳು ಸಡಿಲವಾದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. 830 ತೂತುಗಳ ಕೆಲವು ಬೋರ್ಡುಗಳಲ್ಲಿ ಅಂಚಿನ ಕೆಂಪು-ನೀಲಿ ವಿದ್ಯುತ್ ಸಾಲುಗಳು ಮಧ್ಯದಲ್ಲಿ ತುಂಡಾಗಿರುತ್ತವೆ. ಗೆರೆ ನಡುವೆ ಕಡಿದಿದ್ದರೆ ಅಲ್ಲಿಗೊಂದು ತಂತಿಯ ಸೇತುವೆ ಹಾಕಬೇಕು. 230 ವೋಲ್ಟ್ ಕರೆಂಟನ್ನು ಇದರ ಹತ್ತಿರವೂ ತರಕೂಡದು. ಇಲ್ಲಿಯ ಎಲ್ಲ ಸರ್ಕ್ಯೂಟುಗಳಿಗೂ ಒಂದೋ ಎರಡೋ 9 ವೋಲ್ಟ್ ಬ್ಯಾಟರಿ ಸಾಕು.

ಒಂಟಿ ಟ್ರಾನ್ಸಿಸ್ಟರ್

ಬಿಸಿ547 ಎಂಬ ಕೆಲವೇ ರೂಪಾಯಿಯ ಟ್ರಾನ್ಸಿಸ್ಟರಿನಿಂದ ಕಟ್ಟುವ ಕಾಮನ್ ಎಮಿಟರ್ ಆಂಪ್ಲಿಫೈಯರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಬಹಳ, ಕಟ್ಟಿ ನೋಡಿದವರು ಕಡಿಮೆ. ಇದರ ಮುಖ್ಯ ಗುಣವೆಂದರೆ ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಬೇಸ್, ಕಲೆಕ್ಟರ್, ಎಮಿಟರ್. 9 ವೋಲ್ಟಿನಿಂದ ಬೇಸಿಗೆ 47 ಕಿಲೋ ಓಮ್ ರೆಸಿಸ್ಟರ್, ಬೇಸಿನಿಂದ ಗ್ರೌಂಡಿಗೆ (ಇಲ್ಲಿ ಬ್ಯಾಟರಿಯ ಮೈನಸ್) 10 ಕಿಲೋ ಓಮ್, ಕಲೆಕ್ಟರಿಗೆ 4.7 ಕಿಲೋ ಓಮ್, ಎಮಿಟರಿಗೆ 1 ಕಿಲೋ ಓಮ್ ಹಾಕಿ ಲೆಕ್ಕ ಮಾಡಿ. ಬೇಸಿನಲ್ಲಿ ಸುಮಾರು 1.55 ವೋಲ್ಟ್ ಬರಬೇಕು, ಅದರಲ್ಲಿ 0.65 ಕಳೆದರೆ ಎಮಿಟರಿನಲ್ಲಿ 0.9 ವೋಲ್ಟ್, ಎಮಿಟರ್ ರೆಸಿಸ್ಟರ್ 1 ಕಿಲೋ ಓಮ್ ಆಗಿರುವುದರಿಂದ ಹರಿಯುವ ಕರೆಂಟು 0.9 ಮಿಲಿಆಂಪಿಯರ್, ಅದು 4.7 ಕಿಲೋ ಓಮ್‌ನಲ್ಲಿ 4.2 ವೋಲ್ಟನ್ನು ಬೀಳಿಸುವುದರಿಂದ ಕಲೆಕ್ಟರಿನಲ್ಲಿ ಉಳಿಯುವುದು ಸುಮಾರು 4.8 ವೋಲ್ಟ್. ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮಲ್ಟಿಮೀಟರಿನ ಕಡ್ಡಿ ಇಟ್ಟಾಗ, ಹೊಸ ಬ್ಯಾಟರಿಯಿದ್ದರೆ ಮೀಟರು ಅವುಗಳ ಹತ್ತಿರದಲ್ಲೇ ನಿಲ್ಲುತ್ತದೆ.

ತಪ್ಪು ಹುಡುಕುವುದಕ್ಕೂ ಇವೇ ಸಂಖ್ಯೆಗಳು ದಾರಿ ತೋರಿಸುತ್ತವೆ. ಕಲೆಕ್ಟರಿನಲ್ಲಿ ಪೂರ್ತಿ 9 ವೋಲ್ಟ್ ಇದ್ದರೆ ಟ್ರಾನ್ಸಿಸ್ಟರಿನಲ್ಲಿ ಕರೆಂಟೇ ಹರಿಯುತ್ತಿಲ್ಲ. ಕಲೆಕ್ಟರು ಮತ್ತು ಎಮಿಟರುಗಳ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಟ್ರಾನ್ಸಿಸ್ಟರು ಕರೆಂಟನ್ನು ಪೂರ್ತಿ ಬಿಟ್ಟುಕೊಂಡು ಕೂತಿದೆ. ಕಾಲುಗಳ ಕ್ರಮದಲ್ಲಿ ಒಂದು ಎಚ್ಚರಿಕೆ ಬೇಕು: ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ, ವಿದೇಶಿ ಪಾಠಗಳಲ್ಲಿ ಹೆಚ್ಚಾಗಿ ಕಾಣುವ 2ಎನ್3904ರಲ್ಲಿ ಇದು ತಿರುಗುಮುರುಗು. ಒಂದರ ಚಿತ್ರ ನೋಡಿ ಇನ್ನೊಂದನ್ನು ಕೂರಿಸಿದರೆ ಸರ್ಕ್ಯೂಟು ಸುಡದೆ, ಸರಿಯಾಗಿ ಕೆಲಸವನ್ನೂ ಮಾಡದೆ ಗಂಟೆಗಟ್ಟಲೆ ಕಾಡುತ್ತದೆ.

ಈ ಸರ್ಕ್ಯೂಟಿನ ನಿಜವಾದ ಪಾಠವಿರುವುದು ಬಯಾಸಿನಲ್ಲಿ, ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರಿನ ಕಾಲುಗಳಲ್ಲಿ ನಿಲ್ಲುವ ಡಿಸಿ ವೋಲ್ಟೇಜು, ಕರೆಂಟುಗಳಲ್ಲಿ. ಬಿಸಿ547 ಎ, ಬಿ, ಸಿ ಎಂಬ ಮೂರು ದರ್ಜೆಗಳಲ್ಲಿ ಬರುತ್ತದೆ; ಕರೆಂಟ್ ಗೇನು (ಕಲೆಕ್ಟರಿನ ಕರೆಂಟು ಬೇಸಿನ ಕರೆಂಟಿನ ಎಷ್ಟು ಪಟ್ಟು ಎಂಬುದು) ಬಿ ದರ್ಜೆಯಲ್ಲಿ 200ರಿಂದ 450, ಸಿ ದರ್ಜೆಯಲ್ಲಿ 420ರಿಂದ 800. ಎಮಿಟರನ್ನು ನೇರವಾಗಿ ಗ್ರೌಂಡಿಗೆ ಕಟ್ಟಿ, ಬೇಸಿಗೆ ಒಂದೇ ಒಂದು 2.2 ಮೆಗಾ ಓಮ್ ಹಾಕಿ ನೋಡಿ. ಗೇನು 250 ಇರುವ ಬಿಡಿಭಾಗದಲ್ಲಿ ಕಲೆಕ್ಟರು 4.5 ವೋಲ್ಟಿನಲ್ಲಿ ನಿಂತರೆ, ಗೇನು 500 ಇರುವ ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸಿದ ಕೂಡಲೇ ಅದು ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಅಷ್ಟೇ ಅಲ್ಲ, ಟ್ರಾನ್ಸಿಸ್ಟರನ್ನು ಎರಡು ಬೆರಳುಗಳ ನಡುವೆ ಹಿಡಿದುಕೊಂಡರೆ ಮೈಬಿಸಿಗೆ ಗೇನು ಏರಿ, ಮೀಟರಿನ ಅಂಕಿಗಳು ಕಣ್ಣೆದುರೇ ಇಳಿಯತೊಡಗುತ್ತವೆ. ಈಗ ಮೊದಲಿನ ನಾಲ್ಕು ರೆಸಿಸ್ಟರುಗಳ ಸರ್ಕ್ಯೂಟಿಗೆ ಮರಳಿ ಅದೇ ಎರಡು ಟ್ರಾನ್ಸಿಸ್ಟರುಗಳನ್ನು ಬದಲಾಯಿಸಿದರೆ ಕಲೆಕ್ಟರು 0.1 ವೋಲ್ಟಿನಷ್ಟೂ ಕದಲುವುದಿಲ್ಲ. ಎರಡು ರೆಸಿಸ್ಟರುಗಳ ನಡುವೆ ವೋಲ್ಟೇಜನ್ನು ಹಂಚಿ ಬೇಸಿಗೆ ಕೊಡುವ ವೋಲ್ಟೇಜ್ ಡಿವೈಡರ್ ಬಯಾಸ್ ಯಾಕೆ ಬೇಕೆಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಮನದಟ್ಟಾಗುವ ಉತ್ತರ ನನಗೆ ಗೊತ್ತಿಲ್ಲ, ಮತ್ತು ಇದಕ್ಕೆ ಬೇಕಾದದ್ದು ಮಲ್ಟಿಮೀಟರ್ ಮಾತ್ರ.

ಸಿಗ್ನಲ್ ಹಾಕುವ ಹೊತ್ತಿಗೆ ಮಾತ್ರ ಈ ಸರ್ಕ್ಯೂಟು ಸಲಕರಣೆಯನ್ನು ಬೇಡುತ್ತದೆ. ಎಮಿಟರ್ ರೆಸಿಸ್ಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಹಾಕಿದಾಗ ಗೇನು ಸುಮಾರು 160, ಹಾಕದಿದ್ದರೆ 4.6ರ ಆಸುಪಾಸು, ಕೆಪಾಸಿಟರಿನ ಜೊತೆ ಸರಣಿಯಲ್ಲಿ 100 ಓಮ್ ಸೇರಿಸಿದರೆ 40ರ ಹತ್ತಿರ. ಗೇನು 160 ಇರುವಾಗ ಇನ್‌ಪುಟ್ ಐದಾರು ಮಿಲಿವೋಲ್ಟ್ ಮೀರಿದರೆ ಔಟ್‌ಪುಟ್ಟಿನ ಅಲೆ ಮೇಲೊಂದು ಆಕಾರ, ಕೆಳಗೊಂದು ಆಕಾರವಾಗಿ ಸೊಟ್ಟಗಾಗುತ್ತ ಹೋಗುತ್ತದೆ. ಅದನ್ನು ನೋಡಲು ಅಲೆಯ ಚಿತ್ರವೇ ಬೇಕು, ಮೀಟರಿನಿಂದಾಗದು. ಗೇನಿನ ನಿಖರತೆಯ ವಿಷಯದಲ್ಲೂ ಈ ಆಯ್ಕೆ ಹಿಂದೆ ಬೀಳುತ್ತದೆ: 160 ಎಂಬುದು ಬ್ಯಾಟರಿ ಇಳಿದಂತೆ, ಬಿಸಿ ಏರಿದಂತೆ ಬದಲಾಗುವ ಸಂಖ್ಯೆ.

ಆಪ್‌ಆಂಪ್

ಗೇನನ್ನು ಎರಡು ರೆಸಿಸ್ಟರುಗಳ ಅನುಪಾತದಿಂದಲೇ ತೀರ್ಮಾನಿಸುವುದು ಆಪ್‌ಆಂಪಿನ ದೊಡ್ಡ ಅನುಕೂಲ. ಔಟ್‌ಪುಟ್ ತಲೆಕೆಳಗಾಗದ ನಾನ್-ಇನ್ವರ್ಟಿಂಗ್ ಜೋಡಣೆಯಲ್ಲಿ 100 ಕಿಲೋ ಮತ್ತು 10 ಕಿಲೋ ಹಾಕಿದರೆ ಗೇನು 11. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳಾದರೆ ಅಳತೆಯೂ ಲೆಕ್ಕವೂ ಶೇಕಡಾ ಎರಡರೊಳಗೆ ಕೂಡಿಬರುತ್ತವೆ. ಮೊದಲ ಮಾನದಂಡದಲ್ಲಿ ಇದನ್ನು ಮೀರಿಸುವ ಆಯ್ಕೆಯಿಲ್ಲ.

ಆದರೆ ಯಾವ ಆಪ್‌ಆಂಪ್ ಎಂಬುದರಲ್ಲಿ ವ್ಯತ್ಯಾಸ ಬಹಳವಿದೆ, ಮತ್ತು ನಮ್ಮ ಲ್ಯಾಬುಗಳ ಅಭ್ಯಾಸಬಲದಿಂದ ಹೆಚ್ಚಿನವರು 741ನ್ನೇ ಕೇಳಿ ತರುತ್ತಾರೆ. 1968ರಲ್ಲಿ ಫೇರ್‌ಚೈಲ್ಡ್ ಕಂಪನಿ ಹೊರತಂದ ಈ ಐಸಿ ಆಪ್‌ಆಂಪನ್ನು ಮನೆಮಾತಾಗಿಸಿದ್ದು ನಿಜ. ಆದರೆ ಅದು ಪ್ಲಸ್ ಮತ್ತು ಮೈನಸ್ ಎರಡೂ ವಿದ್ಯುತ್ ಪೂರೈಕೆ ಇರುವ ಮೇಜಿಗೆಂದು ರೂಪುಗೊಂಡದ್ದು. ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ಇನ್‌ಪುಟ್ಟನ್ನು ಗ್ರೌಂಡಿನ ಹತ್ತಿರ ಇಟ್ಟರೆ ಸರಿಯಾಗಿ ನಡೆಯುವುದಿಲ್ಲ. ಅದರ ಗೇನು ಮತ್ತು ಬ್ಯಾಂಡ್‌ವಿಡ್ತಿನ (ಗೇನು ಕುಂದದೆ ಉಳಿಯುವ ಆವರ್ತನಗಳ ವ್ಯಾಪ್ತಿ) ಗುಣಲಬ್ಧ ಸುಮಾರು 1 ಮೆಗಾಹರ್ಟ್ಸ್ ಆದ್ದರಿಂದ ಗೇನನ್ನು 100ಕ್ಕೆ ಇಟ್ಟರೆ 10 ಕಿಲೋಹರ್ಟ್ಸ್‌ಗೇ ಔಟ್‌ಪುಟ್ ಇಳಿಯತೊಡಗುತ್ತದೆ. ಕಿವಿ ಕೇಳುವ ಮೇಲಿನ ಭಾಗ ಅಲ್ಲಿಗೆ ಕಳೆದುಹೋಯಿತು. ಔಟ್‌ಪುಟ್ ಏರಿಳಿಯಬಲ್ಲ ಗರಿಷ್ಠ ವೇಗವಾದ ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 0.5 ವೋಲ್ಟ್ ಮಾತ್ರವಾದ್ದರಿಂದ 20 ಕಿಲೋಹರ್ಟ್ಸ್‌ನಲ್ಲಿ 4 ವೋಲ್ಟ್ ಶಿಖರಕ್ಕಿಂತ ದೊಡ್ಡ ಸೈನ್ ಅಲೆಯನ್ನು ಅದು ಕೊಡಲಾರದು, ಅಲೆ ತ್ರಿಕೋನವಾಗುತ್ತದೆ. ಈ ಮಿತಿಗಳನ್ನೇ ಕಣ್ಣಾರೆ ನೋಡಿ ಕಲಿಯುವುದಕ್ಕೆ 741 ಒಳ್ಳೆಯ ಮೇಷ್ಟ್ರು, ಉಪಯೋಗಕ್ಕೆ ಅಲ್ಲ.

ಮಲ್ಟಿಮೀಟರ್ ಬಿಟ್ಟು ಬೇರೇನೂ ಇಲ್ಲದವರಿಗೆ ನಾನು ಖಚಿತವಾಗಿ ಹೇಳುವ ಹೆಸರು ಎಲ್‌ಎಂ358. ಎಂಟು ಕಾಲಿನ ಈ ಐಸಿಯಲ್ಲಿ ಎರಡು ಆಪ್‌ಆಂಪ್‌ಗಳಿವೆ. 3ರಿಂದ 32 ವೋಲ್ಟ್‌ವರೆಗೆ ಒಂದೇ ಪೂರೈಕೆಯಲ್ಲಿ ಓಡುತ್ತದೆ. ಇನ್‌ಪುಟ್ ಗ್ರೌಂಡಿನ ಮಟ್ಟದಲ್ಲಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಇದರಿಂದಾಗುವ ಪ್ರಯೋಜನ ದೊಡ್ಡದು: ಆಂಪ್ಲಿಫೈಯರನ್ನು ಅಲೆಯೇ ಇಲ್ಲದೆ, ಬರೀ ಡಿಸಿಯಿಂದ ಪರೀಕ್ಷಿಸಬಹುದು. ಮೇಲೆ ಹೇಳಿದ 11ರ ಗೇನಿನಲ್ಲಿ, ಒಂದು ಪೊಟೆನ್ಷಿಯೋಮೀಟರಿನಿಂದ (ತಿರುಗಿಸಿ ಹೊಂದಿಸುವ ರೆಸಿಸ್ಟರ್) 0.2 ವೋಲ್ಟ್ ಕೊಟ್ಟರೆ ಔಟ್‌ಪುಟ್ಟಿನಲ್ಲಿ 2.2 ವೋಲ್ಟ್, 0.4 ಕೊಟ್ಟರೆ 4.4. ಹೀಗೆ ಏರಿಸುತ್ತ ಹೋದಾಗ 7.5 ವೋಲ್ಟಿನ ಸುಮಾರಿಗೆ ಔಟ್‌ಪುಟ್ ಮುಂದಕ್ಕೆ ಹೋಗದೆ ನಿಂತುಬಿಡುತ್ತದೆ, ಏಕೆಂದರೆ ಎಲ್‌ಎಂ358ರ ಔಟ್‌ಪುಟ್ ಪೂರೈಕೆಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ಉಳಿಯುತ್ತದೆ. ಹತ್ತು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೇರ ಗೆರೆಯೂ, ಅದು ಮಟ್ಟವಾಗಿ ಮುರಿಯುವ ಜಾಗವೂ ಸಿಗುತ್ತದೆ. ಗೇನು ಮತ್ತು ಕ್ಲಿಪ್ಪಿಂಗ್ (ಔಟ್‌ಪುಟ್ ಹೀಗೆ ಮಿತಿ ಮುಟ್ಟಿ ನಿಲ್ಲುವುದು) ಎಂಬ ಎರಡು ಮೂಲ ಸಂಗತಿಗಳನ್ನು ಆಸಿಲೋಸ್ಕೋಪ್ ಇಲ್ಲದೆ ಅರ್ಥಮಾಡಿಕೊಳ್ಳಲು ಇಷ್ಟು ಸಾಕು.

ಆಡಿಯೊ ಕೆಲಸಕ್ಕೆ ಬಂದರೆ ಎಲ್‌ಎಂ358 ಹಿಂದುಳಿಯುತ್ತದೆ. ಕೆಪಾಸಿಟರಿನ ಮೂಲಕ ಲೋಡಿಗೆ ಜೋಡಿಸಿದಾಗ ಅಲೆ ದಿಕ್ಕು ಬದಲಿಸುವಲ್ಲಿ ಒಂದು ಕಚ್ಚು ಕಾಣಿಸಿಕೊಳ್ಳುತ್ತದೆ. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಕೆಲವು ಕಿಲೋ ಓಮ್‌ನ ರೆಸಿಸ್ಟರ್ ಹಾಕಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಸಂಗೀತಕ್ಕೆಂದೇ ಕಟ್ಟುವವರು ಟಿಎಲ್072 ಅಥವಾ ಎನ್ಇ5532 ಆರಿಸುವುದು ಒಳ್ಳೆಯದು. ಎರಡಕ್ಕೂ ಕಾಲುಗಳ ಕ್ರಮ ಎಲ್‌ಎಂ358ರದ್ದೇ ಆದ್ದರಿಂದ ಅದೇ ಜಾಗದಲ್ಲಿ ಬದಲಿಸಿ ಹೋಲಿಸಬಹುದು, ಆದರೆ ಇವುಗಳಿಗೆ ಎರಡು 9 ವೋಲ್ಟ್ ಬ್ಯಾಟರಿಗಳ ಪ್ಲಸ್-ಮೈನಸ್ ಪೂರೈಕೆ ಬೇಕು. ಎನ್ಇ5532ರ ವೇಗ ಹೆಚ್ಚು, 10 ಮೆಗಾಹರ್ಟ್ಸ್. ಆ ವೇಗವೇ ಬ್ರೆಡ್‌ಬೋರ್ಡಿನಲ್ಲಿ ಕಾಟವೂ ಆಗಬಹುದು. ಪೂರೈಕೆಯ ಕಾಲುಗಳ ಪಕ್ಕದಲ್ಲೇ 104 ಎಂದು ಬರೆದಿರುವ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕದಿದ್ದರೆ ಸಿಗ್ನಲ್ ಇಲ್ಲದಿದ್ದಾಗಲೂ ಅದು ಕಿವಿಗೆ ಕೇಳದ ಆವರ್ತನದಲ್ಲಿ ತಾನೇ ಆಂದೋಲಿಸಬಲ್ಲದು. ಐಸಿ ವಿನಾಕಾರಣ ಬಿಸಿಯಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎಲ್‌ಎಂ386 ಮತ್ತು ಸಿದ್ಧ ಮಾಡ್ಯೂಲುಗಳು

ಸ್ಪೀಕರಿನಿಂದ ಸದ್ದು ಬರಬೇಕೆಂಬ ಆಸೆಗೆ ನೇರ ಉತ್ತರ ಎಲ್‌ಎಂ386. ಐಸಿ, ಒಂದು 10 ಕಿಲೋ ವಾಲ್ಯೂಮ್ ಕಂಟ್ರೋಲ್, ಔಟ್‌ಪುಟ್ಟಿನಲ್ಲಿ 220 ಮೈಕ್ರೋಫ್ಯಾರಡ್, 10 ಓಮ್ ಮತ್ತು 47 ನ್ಯಾನೋಫ್ಯಾರಡ್‌ಗಳ ಒಂದು ಜೋಡಿ, 8 ಓಮ್ ಸ್ಪೀಕರ್ ಇದ್ದರೆ ಒಂದು ಸಂಜೆಯಲ್ಲಿ ಫೋನಿನ ಹಾಡು ಕೋಣೆ ತುಂಬುವಷ್ಟು ಕೇಳುತ್ತದೆ. ಗೇನು ಒಳಗೇ 20 ಎಂದು ನಿಗದಿಯಾಗಿದೆ; 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ 200. ಆದರೆ ಕಲಿಕೆಯ ದೃಷ್ಟಿಯಿಂದ ಅಳೆಯಲು ಸಿಗುವುದು ಕಡಿಮೆ. 5ನೇ ಕಾಲಿನಲ್ಲಿ ಪೂರೈಕೆಯ ಅರ್ಧ, ಅಂದರೆ 4.5 ವೋಲ್ಟ್ ಇದೆಯೇ ಎಂದು ನೋಡುವುದನ್ನು ಬಿಟ್ಟರೆ ಮಲ್ಟಿಮೀಟರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಮೇಲಾಗಿ, ಬ್ರೆಡ್‌ಬೋರ್ಡಿನ ಮೇಲೆ ಈ ಮೂರರಲ್ಲಿ ಹೆಚ್ಚು ಹಟ ಮಾಡುವುದು ಇದೇ. ಸ್ಪೀಕರಿಗೆ ಹೋಗುವ ದೊಡ್ಡ ಕರೆಂಟು ಮತ್ತು ಇನ್‌ಪುಟ್ಟಿನ ಸಣ್ಣ ಸಿಗ್ನಲ್ ಒಂದೇ ಗ್ರೌಂಡ್ ಸಾಲನ್ನು ಹಂಚಿಕೊಂಡಾಗ, ಆ ಸಾಲಿನ ಸಣ್ಣ ರೋಧವೇ ಔಟ್‌ಪುಟ್ಟಿನ ಒಂದು ಪಾಲನ್ನು ಇನ್‌ಪುಟ್ಟಿಗೆ ಹಿಂತಿರುಗಿಸಿ ಕೀರಲು ಸದ್ದು ಹುಟ್ಟಿಸುತ್ತದೆ. 9 ವೋಲ್ಟಿನ ಸಣ್ಣ ಚೌಕ ಬ್ಯಾಟರಿ ಜೋರು ಸದ್ದಿನಲ್ಲಿ ಬೇಗ ಕುಗ್ಗುತ್ತದೆ. ಅದು ಕುಗ್ಗಿ ಏರುವ ಲಯಕ್ಕೆ ಸ್ಪೀಕರು ದೋಣಿಯ ಮೋಟಾರಿನಂತೆ ಪುಟಪುಟ ಎನ್ನತೊಡಗುತ್ತದೆ. ಪೂರೈಕೆಯ ಕಾಲಿನ ಹತ್ತಿರವೇ 470 ಮೈಕ್ರೋಫ್ಯಾರಡ್ ಹಾಕುವುದು, ಸ್ಪೀಕರಿನ ಗ್ರೌಂಡನ್ನು ಪ್ರತ್ಯೇಕ ತಂತಿಯಲ್ಲಿ ಬ್ಯಾಟರಿಯವರೆಗೂ ಒಯ್ಯುವುದು, ಚೌಕ ಬ್ಯಾಟರಿಯ ಬದಲು ಆರು ಪೆನ್ ಟಾರ್ಚ್ ಸೆಲ್‌ಗಳನ್ನು ಬಳಸುವುದು ಪರಿಹಾರ. ಗ್ರೌಂಡ್ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯವೆಂದು ಇಷ್ಟು ಜೋರಾಗಿ ಹೇಳುವ ಸರ್ಕ್ಯೂಟು ಬೇರೆಯಿಲ್ಲ, ಅದು ಇದರ ಪರವಾಗಿರುವ ಮಾತು. ಆದರೆ ಅಲೆಯನ್ನು ನೋಡುವ ಸಲಕರಣೆಯಿಲ್ಲದ ಹೊಸಬರಿಗೆ ಈ ಪಾಠ ಕಲಿಕೆಗಿಂತ ನಿರಾಸೆಯನ್ನೇ ಹೆಚ್ಚು ಕೊಡುತ್ತದೆ.

ಪಿಎಎಂ8403ರಂಥ ಕ್ಲಾಸ್-ಡಿ ಮಾಡ್ಯೂಲುಗಳು ಅಗ್ಗ, 5 ವೋಲ್ಟಿನಲ್ಲಿ ಎರಡು ಸ್ಪೀಕರುಗಳನ್ನು ಚೆನ್ನಾಗಿ ನುಡಿಸುತ್ತವೆ, ಆದರೆ ಅಲ್ಲಿ ಕಟ್ಟುವುದೂ ಇಲ್ಲ, ಪರೀಕ್ಷಿಸುವುದೂ ಇಲ್ಲ. ಅವುಗಳ ಸ್ಪೀಕರ್ ತಂತಿಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಮೇಜಿನ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಅದಕ್ಕೆ ಕಚ್ಚಿಸಿದರೆ ಐಸಿ ಶಾರ್ಟ್ ಆಗಬಹುದು. ಟಿಡಿಎ2030ಯಂಥ ಹತ್ತಾರು ವಾಟಿನ ಐಸಿಗಳಿಗೆ ಹೀಟ್‌ಸಿಂಕೂ ದಪ್ಪ ತಂತಿಯೂ ಬೇಕು, ಬ್ರೆಡ್‌ಬೋರ್ಡ್ ಅದರ ಜಾಗವಲ್ಲ.

ಅಳೆಯುವುದು ಯಾವುದರಿಂದ?

ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಡಿಟಿ830ಡಿ ಮಾದರಿಯ ಹಳದಿ ಮಲ್ಟಿಮೀಟರ್ ಡಿಸಿಗೆ ನಂಬಬಹುದಾದ ಸಾಧನ. ಆದರೆ ಕೊಳ್ಳುವ ಮೊದಲು ಅದರ ತಿರುಗುಣಿಯ ಎಸಿ ಭಾಗವನ್ನು ಒಮ್ಮೆ ನೋಡಿ: ಅಲ್ಲಿರುವುದು 200 ವೋಲ್ಟ್ ಮತ್ತು ಅದಕ್ಕೂ ಮೇಲಿನ ಶ್ರೇಣಿ ಮಾತ್ರ. ಮನೆಯ ಕರೆಂಟು ಇದೆಯೇ ಇಲ್ಲವೇ ಎಂದು ನೋಡಲು ಅದು ಸಾಕು; ಆಂಪ್ಲಿಫೈಯರಿನ ಅರ್ಧ ವೋಲ್ಟ್ ಸಿಗ್ನಲನ್ನು ಅಳೆಯಲು ಆಗುವುದಿಲ್ಲ. ಎಸಿ ಮಿಲಿವೋಲ್ಟ್ ಶ್ರೇಣಿಯಿರುವ, ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಮೀಟರಿಗೆ ಸಾವಿರದ ಮೇಲೆ ಕೊಟ್ಟರೆ ಕೆಲವು ನೂರು ಹರ್ಟ್ಸ್‌ನವರೆಗೆ ಗೇನನ್ನೂ ಅಳೆಯಬಹುದು. ಒಂದೇ ಒಂದು ವಸ್ತುವಿಗೆ ಹೆಚ್ಚು ಹಣ ಹಾಕುವುದಾದರೆ ಅದು ಈ ಮೀಟರಿಗಿರಲಿ ಎಂಬುದು ನನ್ನ ಸಲಹೆ. ಮುಂದೆ ಎಂಥ ಸ್ಕೋಪ್ ಬಂದರೂ ಇದು ಮೂಲೆ ಸೇರುವುದಿಲ್ಲ.

ಸಿಗ್ನಲ್ ಹುಟ್ಟಿಸಲು ಪ್ರತ್ಯೇಕ ಫಂಕ್ಷನ್ ಜನರೇಟರ್ ಆರಂಭದಲ್ಲಿ ಬೇಡ. ಫೋನಿನ ಟೋನ್ ಜನರೇಟರ್ ಆ್ಯಪ್ 1 ಕಿಲೋಹರ್ಟ್ಸ್‌ನ ಒಳ್ಳೆಯ ಸೈನ್ ಅಲೆಯನ್ನೇ ಕೊಡುತ್ತದೆ. ಟ್ರಾನ್ಸಿಸ್ಟರಿನ 160 ಗೇನಿಗೆ ಅದು ಅತಿಯಾಗುವುದರಿಂದ 10 ಕಿಲೋ ಮತ್ತು 100 ಓಮ್‌ಗಳ ಡಿವೈಡರಿನಿಂದ ನೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ಇದರಿಂದ ಇನ್ನೊಂದು ಲಾಭವೂ ಇದೆ: ಐದು ಮಿಲಿವೋಲ್ಟನ್ನು ಯಾವ ಅಗ್ಗದ ಸಲಕರಣೆಯೂ ಸರಿಯಾಗಿ ತೋರಿಸುವುದಿಲ್ಲ, ಡಿವೈಡರಿಗೆ ಮೊದಲಿನ ಅರ್ಧ ವೋಲ್ಟನ್ನು ಅಳೆದು ನೂರರಿಂದ ಭಾಗಿಸಿದರೆ ಲೆಕ್ಕ ಸರಿಹೋಗುತ್ತದೆ.

ಲ್ಯಾಪ್‌ಟಾಪ್ ಇದ್ದವರ ಬಳಿ ಅರ್ಧ ಆಸಿಲೋಸ್ಕೋಪ್ ಆಗಲೇ ಇದೆ. ಅದರ ಸೌಂಡ್ ಕಾರ್ಡು ಆಡಿಯೊ ಆವರ್ತನಗಳ ಅಲೆಯನ್ನು 16 ಬಿಟ್ ನಿಖರತೆಯಲ್ಲಿ ದಾಖಲಿಸುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅಲೆಯನ್ನು ಹಿಗ್ಗಿಸಿ ನೋಡಬಹುದು, ಸ್ಪೆಕ್ಟ್ರಮ್ ತೆಗೆದು 1 ಕಿಲೋಹರ್ಟ್ಸ್‌ನ ಪಕ್ಕದಲ್ಲಿ 2, 3 ಕಿಲೋಹರ್ಟ್ಸ್‌ಗಳಲ್ಲಿ ಎಷ್ಟು ವಿಕೃತಿ ಎದ್ದಿದೆಯೆಂದೂ ನೋಡಬಹುದು. ಶೇಕಡಾ 1ರಷ್ಟು ವಿಕೃತಿಯನ್ನು 8 ಬಿಟ್ಟಿನ ಮೇಜಿನ ಸ್ಕೋಪಿನ ಪರದೆಯಲ್ಲಿ ಕಣ್ಣಳತೆಯಿಂದ ಗುರುತಿಸುವುದು ಕಷ್ಟ, ಇಲ್ಲಿ ಅದು ಎದ್ದು ಕಾಣುತ್ತದೆ. ಮಿತಿಗಳೂ ಸ್ಪಷ್ಟ: ಡಿಸಿ ಕಾಣುವುದಿಲ್ಲ, 20 ಕಿಲೋಹರ್ಟ್ಸ್‌ನ ಆಚೆಯ ಆಂದೋಲನ ಕಾಣುವುದಿಲ್ಲ, ವೋಲ್ಟ್‌ಗಳ ನೇರ ಅಳತೆ ಸಿಗುವುದಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೆಚ್ಚಾಗಿ ಮೈಕ್ ಇನ್‌ಪುಟ್ ಮಾತ್ರವಾದ್ದರಿಂದ ಸರ್ಕ್ಯೂಟಿನ ಔಟ್‌ಪುಟ್ಟನ್ನು 100 ಕಿಲೋ ಮತ್ತು 1 ಕಿಲೋ ಡಿವೈಡರಿನಿಂದ ಇಳಿಸಿ, 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕವೇ ಕೊಡಬೇಕು. ಅಳೆಯುವಾಗ ಚಾರ್ಜರ್ ತೆಗೆದಿಟ್ಟರೆ 50 ಹರ್ಟ್ಸ್‌ನ ಗುಂಯ್ ಸದ್ದು ಬಹಳ ಕಡಿಮೆಯಾಗುತ್ತದೆ.

ಡಿಎಸ್‌ಒ138 ಎಂಬ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಿಟ್ ಒಂದೆರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಒಂದೇ ಚಾನೆಲ್, 200 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್, ಪ್ರತಿ ಚೌಕಕ್ಕೆ 10 ಮಿಲಿವೋಲ್ಟ್ ಅದರ ಅತಿ ಸೂಕ್ಷ್ಮ ಮಟ್ಟ. ಆಡಿಯೊ ಅಲೆಯನ್ನೂ ಡಿಸಿಯನ್ನೂ ಒಟ್ಟಿಗೆ ತೋರಿಸುವುದರಿಂದ ಕ್ಲಿಪ್ಪಿಂಗ್ ಯಾವ ವೋಲ್ಟೇಜಿನಲ್ಲಿ ಆಗುತ್ತಿದೆಯೆಂದು ತಿಳಿಯುತ್ತದೆ. ಸೌಂಡ್ ಕಾರ್ಡಿಗೆ ಆಗದ ಕೆಲಸ ಅದು. ಇನ್‌ಪುಟ್ಟನ್ನೂ ಔಟ್‌ಪುಟ್ಟನ್ನೂ ಜೊತೆಗಿಟ್ಟು ನೋಡಲಾಗದಿರುವುದು ಆಂಪ್ಲಿಫೈಯರ್ ಕಲಿಯುವವರಿಗೆ ದೊಡ್ಡ ಕೊರತೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಆಯ್ಕೆಯ ಬಗ್ಗೆ ಒತ್ತಿ ಹೇಳಬೇಕೆನಿಸುತ್ತದೆ. ದೆಹಲಿಯ ಇಂಟರ್-ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ತನ್ನ ಫೀನಿಕ್ಸ್ ಯೋಜನೆಯಡಿ ರೂಪಿಸಿದ ಎಕ್ಸ್‌ಪೈಸ್-17 ಎಂಬ ಪೆಟ್ಟಿಗೆ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಕೊಳ್ಳುತ್ತದೆ. ಒಂದಕ್ಕಿಂತ ಹೆಚ್ಚು ಚಾನೆಲ್‌ಗಳ ಆಸಿಲೋಸ್ಕೋಪ್, 5 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗಿನ ಸೈನ್ ಅಲೆ, ಹೊಂದಿಸಬಲ್ಲ ಡಿಸಿ ವೋಲ್ಟೇಜುಗಳು ಒಂದೇ ಪೆಟ್ಟಿಗೆಯಲ್ಲಿವೆ. ವಿನ್ಯಾಸವೂ ತಂತ್ರಾಂಶವೂ ಮುಕ್ತ. ಬೆಲೆ ಕಿಟ್ ಸ್ಕೋಪಿಗಿಂತ ಹೆಚ್ಚು, ಮೇಜಿನ ಸ್ಕೋಪಿಗಿಂತ ಬಹಳ ಕಡಿಮೆ. ಅಧಿಕ ಆವರ್ತನಗಳ ಕೆಲಸಕ್ಕೆ ಅದು ಒದಗುವುದಿಲ್ಲ, ಆದರೆ ಟ್ರಾನ್ಸಿಸ್ಟರಿನ ಗುಣರೇಖೆಗಳನ್ನು ತೆಗೆಯುವುದಕ್ಕೂ ಅದು ಬರುತ್ತದೆ.

ಎರಡು ಚಾನೆಲ್‌ನ ಹೊಸ ಡಿಜಿಟಲ್ ಸ್ಕೋಪಿಗೆ ಇಪ್ಪತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ ಹಣ ಬೇಕು. 50 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಇಲ್ಲಿಯ ಕೆಲಸಕ್ಕೆ ಧಾರಾಳ, 100ಕ್ಕಾಗಿ ಹೆಚ್ಚು ತೆರಬೇಕಿಲ್ಲ. ಎನ್ಇ5532ರ ಕೇಳಿಸದ ಆಂದೋಲನವನ್ನು ಕಣ್ಣಿಗೆ ತೋರಿಸುವುದು ಇಂಥ ಸ್ಕೋಪ್ ಮಾತ್ರ. ಪಿಕ್ಚರ್ ಟ್ಯೂಬಿನ ಹಳೆಯ 20 ಮೆಗಾಹರ್ಟ್ಸ್ ಸ್ಕೋಪ್, ಅಂದರೆ ಸಿಆರ್‌ಒ, ಸುಸ್ಥಿತಿಯಲ್ಲಿ ಸಿಕ್ಕರೆ ಒಂದೇ ಸಮನೆ ಮರುಕಳಿಸುವ ಅಲೆಗಳನ್ನು ನೋಡಲು ಅದೂ ಅಷ್ಟೇ ಚೆಂದ. ಗೆರೆ ತೆಳ್ಳಗೆ, ಪ್ರಕಾಶಮಾನವಾಗಿ ಬರುತ್ತಿದೆಯೇ, ಎರಡೂ ಚಾನೆಲ್ ಕೆಲಸ ಮಾಡುತ್ತವೆಯೇ ಎಂದು ಅಂಗಡಿಯಲ್ಲೇ ಹಚ್ಚಿ ನೋಡಿ ಕೊಳ್ಳಬೇಕು. ಒಳಗೆ ಸಾವಿರಾರು ವೋಲ್ಟ್ ಇರುವುದರಿಂದ ಅದರ ಮುಚ್ಚಳ ಬಿಚ್ಚುವ ಸಾಹಸ ಬೇಡ.

ಎಲ್‌ಟಿಸ್ಪೈಸ್, ಐಐಟಿ ಬಾಂಬೆಯ ಫಾಸೀ ತಂಡದ ಈಸಿಮ್ ಮುಂತಾದ ಉಚಿತ ಸಿಮ್ಯುಲೇಟರುಗಳು (ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ತಂತ್ರಾಂಶಗಳು) ಲೆಕ್ಕವನ್ನು ತಾಳೆನೋಡಲು ಬಹಳ ಉಪಯುಕ್ತ. ಆದರೆ ಸಡಿಲ ಸಂಪರ್ಕವೂ ತಪ್ಪು ಕಾಲೂ ಅವುಗಳಲ್ಲಿ ಇರುವುದಿಲ್ಲವಾದ್ದರಿಂದ ಕಟ್ಟುವುದಕ್ಕೆ ಅವು ಬದಲಿಯಲ್ಲ.

ಪೂರೈಕೆಯ ಬಗ್ಗೆ ಒಂದು ಮಾತು. ಪವರ್ ಬ್ಯಾಂಕಿನಿಂದ ನಡೆಸೋಣವೆಂದು ಹಲವರು ಯೋಚಿಸುತ್ತಾರೆ. ಆದರೆ ಒಂದು ಮಿಲಿಆಂಪಿಯರ್ ಎಳೆಯುವ ಸರ್ಕ್ಯೂಟನ್ನು ಬಹಳಷ್ಟು ಪವರ್ ಬ್ಯಾಂಕುಗಳು ಲೋಡೇ ಇಲ್ಲವೆಂದು ತಿಳಿದು ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತವೆ. ಬ್ಯಾಟರಿಯೇ ನೆಮ್ಮದಿ.

ಯಾರಿಗೆ ಯಾವ ಜೋಡಿ

ಒಟ್ಟು ಸಾವಿರ ರೂಪಾಯಿಯೊಳಗೆ ಮುಗಿಯಬೇಕು, ಮನೆಯಲ್ಲಿ ಕಂಪ್ಯೂಟರೂ ಇಲ್ಲ ಎನ್ನುವವರು ಅಗ್ಗದ ಮಲ್ಟಿಮೀಟರ್ ಮತ್ತು ಎಲ್‌ಎಂ358 ಜೋಡಿಯಿಂದ ಶುರುಮಾಡಲಿ. ಡಿಸಿಯಲ್ಲಿ ಗೇನು ಮತ್ತು ಕ್ಲಿಪ್ಪಿಂಗ್ ಮುಗಿದ ಮೇಲೆ ಅದೇ ಮೀಟರಿನಿಂದ ಟ್ರಾನ್ಸಿಸ್ಟರಿನ ಬಯಾಸ್ ಪ್ರಯೋಗಗಳನ್ನು ಮಾಡಬಹುದು. ಸಂವೇದಕಗಳ ಸಣ್ಣ ವೋಲ್ಟೇಜನ್ನು ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಕೊಡಲು ಆಂಪ್ಲಿಫೈಯರ್ ಬೇಕಾದವರಿಗೂ ಇದೇ ದಾರಿ. 5 ವೋಲ್ಟ್ ಪೂರೈಕೆಯಲ್ಲಿ ಎಲ್‌ಎಂ358 ಸುಮಾರು 3.5 ವೋಲ್ಟಿಗೇ ನಿಲ್ಲುವುದರಿಂದ, ಔಟ್‌ಪುಟ್ ಪೂರೈಕೆಯ ಅಂಚಿನವರೆಗೂ ಹೋಗಬಲ್ಲ ಎಂಸಿಪಿ6002 ಅವರ ಮುಂದಿನ ಮೆಟ್ಟಿಲು.

ಡಿಪ್ಲೊಮಾ, ಬಿಇ ವಿದ್ಯಾರ್ಥಿಗಳು ಟ್ರಾನ್ಸಿಸ್ಟರನ್ನು ಬಿಟ್ಟು ಮುಂದೆ ಹೋಗಕೂಡದು. ಲ್ಯಾಪ್‌ಟಾಪ್ ಹೇಗೂ ಇರುತ್ತದೆ, ಕಾಲೇಜಿನ ಲ್ಯಾಬಿನಲ್ಲಿ ಸ್ಕೋಪ್ ಇರುತ್ತದೆ. ಮನೆಯಲ್ಲಿ ಬಯಾಸ್ ಸರಿಪಡಿಸಿ, ಸೌಂಡ್ ಕಾರ್ಡಿನಲ್ಲಿ ವಿಕೃತಿ ನೋಡಿ, ಆವರ್ತನ ಪ್ರತಿಕ್ರಿಯೆಯ ಅಳತೆಯನ್ನು ಮಾತ್ರ ಲ್ಯಾಬಿಗೆ ಉಳಿಸಿಕೊಂಡರೆ ಕೈಯಿಂದ ಸಲಕರಣೆಯ ಖರ್ಚೇ ಬೀಳುವುದಿಲ್ಲ. ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೋದಾಗ ಬಿಸಿ547ನ್ನು ಒಂದೆರಡರ ಬದಲು ಹತ್ತರ ಲೆಕ್ಕದಲ್ಲಿ, ಬಿ ಮತ್ತು ಸಿ ದರ್ಜೆಗಳೆರಡನ್ನೂ ಕೇಳಿ ತರಲಿ, ಬಯಾಸಿನ ಹೋಲಿಕೆಗೆ ಅವು ಬೇಕು. ಒಂದೇ ವಿಷಯಕ್ಕೆ ನಾಲ್ಕೈದು ಗೆಳೆಯರು ಸೇರಿಕೊಳ್ಳುವುದಾದರೆ, ಅಥವಾ ಶಾಲೆಯೊಂದು ಕೊಳ್ಳುವುದಾದರೆ, ಆ ಹಣಕ್ಕೆ ಎಕ್ಸ್‌ಪೈಸ್‌ನಷ್ಟು ಕೆಲಸ ಕೊಡುವುದು ಬೇರೆ ಸಿಗದು.

ಹೈಸ್ಕೂಲಿನ ಮಕ್ಕಳಿಗೆ ಲೆಕ್ಕಕ್ಕಿಂತ ಮೊದಲು ಸದ್ದು ಬೇಕು. ಅವರಿಗೆ ಎಲ್‌ಎಂ386 ಸರಿ, ಗೇನು 20ರಲ್ಲೇ ಇರಲಿ, ತಂತಿಗಳು ಚಿಕ್ಕದಾಗಿರಲಿ, ಕೀರಲು ಬಂದಾಗ ಪಕ್ಕದಲ್ಲಿ ಒಬ್ಬ ದೊಡ್ಡವರಿರಲಿ. ಗಿಟಾರ್ ಅಥವಾ ಮೈಕಿನ ಸಲುವಾಗಿ ಬಂದವರು ಎಲ್‌ಎಂ386ರ 200 ಗೇನಿಗೆ ಕೈಹಾಕುವುದಕ್ಕಿಂತ ಮುಂದೆ ಟಿಎಲ್072ರ ಪ್ರೀಆಂಪ್ (ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಹಂತ), ಹಿಂದೆ 20 ಗೇನಿನ ಎಲ್‌ಎಂ386 ಎಂದು ಎರಡು ಹಂತವಾಗಿ ಕಟ್ಟುವುದು ಮೇಲು. ಕಿಟ್ ಸ್ಕೋಪಿನಿಂದ ಹಂತ ಹಂತವಾಗಿ ನೋಡುತ್ತ ಹೋದರೆ ಒಂದೇ ಚಾನೆಲ್ ಎಂಬ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ.

ಎರಡು ಚಾನೆಲ್‌ನ ಸ್ಕೋಪ್ ಆಗಲೇ ಇರುವವರು ಬೇರೆ ಯೋಚನೆಯಿಲ್ಲದೆ ಒಂಟಿ ಟ್ರಾನ್ಸಿಸ್ಟರಿನಿಂದ ಆರಂಭಿಸಬಹುದು. ಒಂದು ಚಾನೆಲನ್ನು ಡಿವೈಡರಿಗೆ ಮೊದಲು, ಇನ್ನೊಂದನ್ನು ಕಲೆಕ್ಟರಿಗೆ ಹಚ್ಚಿ, ಔಟ್‌ಪುಟ್ ತಲೆಕೆಳಗಾಗಿ ಬರುವುದನ್ನು ನೋಡಿ. ಆಮೇಲೆ ಎಮಿಟರಿನ ಕೆಪಾಸಿಟರನ್ನು ಕಿತ್ತು, ಮತ್ತೆ ಕೂರಿಸಿ, 100 ಓಮ್ ಸೇರಿಸಿ, ಮೂರು ಗೇನುಗಳನ್ನೂ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಮೂರೂ ತಾಳೆಯಾದ ಮೇಲೆ ಆಪ್‌ಆಂಪಿಗೆ ಹೋಗಿ.